ಹಾಡಿನ ಖಾತೆ ಯಾರ ಹೆಸರಿನಲ್ಲಿದೆ?

ಡೌನ್‌ಲೋಡ್ ಮತ್ತು ಸ್ಟ್ರೀಮಿಂಗ್ ಯುಗದಲ್ಲಿ ಸಂಗೀತೋದ್ಯಮದ ಲೆಕ್ಕಾಚಾರ

ಸಂಗೀತವೂ ಒಂದು ಕಾಲದಲ್ಲಿ ಬೆಲ್ಲ, ಬಟ್ಟೆ, ಕಡಲೆಕಾಯಿಗಳಂತೆ ದಾಸ್ತಾನು ಇಟ್ಟು ಮಾರುವ ಸರಕಾಗಿತ್ತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಬಸ್ ನಿಲ್ದಾಣದ ಆಸುಪಾಸಿನ ಕ್ಯಾಸೆಟ್ ಅಂಗಡಿಯೆಂದರೆ ಊರಿನವರಿಗೆಲ್ಲ ಗುರುತು. ಬುಕ್ಕಾಪಟ್ಟಣದಂತಹ ಹೋಬಳಿ ಕೇಂದ್ರಗಳ ಗಿರಾಕಿಗಳು ಸಂತೆಗೋ ಕಚೇರಿ ಕೆಲಸಕ್ಕೋ ತಾಲ್ಲೂಕಿಗೆ ಹೋದಾಗ ಒಂದೆರಡು ಕ್ಯಾಸೆಟ್ ಕೊಂಡು ತರುತ್ತಿದ್ದರು. ಹೊಸ ಚಿತ್ರದ ಹಾಡುಗಳು ಬಿಡುಗಡೆಯಾದ ವಾರ ಅಂಗಡಿಯ ಮುಂದೆ ಧ್ವನಿವರ್ಧಕ ಕೂಗುತ್ತಿತ್ತು. ಮಾರಾಟವಾಗದೆ ಉಳಿದ ಮಾಲು ಸಗಟು ವ್ಯಾಪಾರಿಗೆ ಹಿಂದಿರುಗುತ್ತಿತ್ತು. ಲಾಭ, ನಷ್ಟ, ಉದ್ದರಿ ಇವೆಲ್ಲವೂ ಕಣ್ಣಿಗೆ ಕಾಣುವ ವ್ಯವಹಾರಗಳಾಗಿದ್ದವು.

ಇಂದು ಆ ಅಂಗಡಿಗಳಿಲ್ಲ. ಅವುಗಳಲ್ಲಿ ಕೆಲವು ಮೊಬೈಲ್ ಬಿಡಿಭಾಗಗಳ ಅಂಗಡಿಗಳಾದವು, ಕೆಲವು ಮುಚ್ಚಿಹೋದವು. ಆದರೆ ಹಾಡು ಕೇಳುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಹಿಂದೆಂದೂ ಇಲ್ಲದಷ್ಟು ಹೆಚ್ಚಾಯಿತು. ಧ್ವನಿಮುದ್ರಣೋದ್ಯಮದ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಪಿಐ ನೀಡಿರುವ ಲೆಕ್ಕದ ಪ್ರಕಾರ 2024ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ವರಮಾನ 2,960 ಕೋಟಿ ಡಾಲರ್, ಅದರಲ್ಲಿ ಶೇ. 69ರಷ್ಟು ಸ್ಟ್ರೀಮಿಂಗ್‌ನಿಂದಲೇ ಬಂದದ್ದು. ಸರಕು ಕಣ್ಮರೆಯಾಗಿ, ಗಿರಾಕಿ ಮಾತ್ರ ಉಳಿದುಕೊಂಡ ವ್ಯಾಪಾರಗಳು ವಾಣಿಜ್ಯದ ಇತಿಹಾಸದಲ್ಲಿ ವಿರಳ.

ಸರಕಿಲ್ಲದ ಮೇಲೆ ಕೊಡುಕೊಳ್ಳುವುದು ಏನನ್ನು? ಹಕ್ಕನ್ನು. ಜಮೀನಿನ ಬೆಳೆ ಯಾರು ಬೆಳೆದರೂ ಪಹಣಿಯಲ್ಲಿ ಹೆಸರಿರುವವರಿಗೆ ಪರಿಹಾರ ಸಲ್ಲುವಂತೆ, ಹಾಡನ್ನು ಯಾರೇ ಹಾಡಿರಲಿ, ಹಕ್ಕಿನ ದಾಖಲೆಯಲ್ಲಿ ಹೆಸರಿರುವವರಿಗೇ ಹಣ ಸಂದಾಯವಾಗುತ್ತದೆ. ಈ ಬದಲಾವಣೆ ಬೆಂಗಳೂರಿನ ಕಂಪನಿಗಳಿಗೆ ಬೇಗ ತಿಳಿಯಿತು. ಹೋಬಳಿಗಳ ಕಲಾವಿದರಿಗೆ, ಹಾರ್ಮೋನಿಯಂ ಮೇಷ್ಟ್ರುಗಳಿಗೆ, ನಾಟಕ ಮಂಡಳಿಗಳಿಗೆ ಇನ್ನೂ ತಿಳಿಯಬೇಕಾಗಿದೆ.

ತಟ್ಟೆಯಿಂದ ಸುರುಳಿಗೆ

ಭಾರತದಲ್ಲಿ ವ್ಯಾಪಾರಿ ಉದ್ದೇಶದ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ತಟ್ಟೆಗಳಿಂದ ದೇಶವಿಡೀ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಹಾಡಿದವರಿಗೆ ಒಂದು ಬಾರಿಯ ಸಂಭಾವನೆ, ತಟ್ಟೆ ಮಾರಿದವರಿಗೆ ನಿರಂತರ ಆದಾಯ ಎಂಬ ಪದ್ಧತಿ ಆ ಕಾಲದಿಂದಲೇ ಬೇರೂರಿತು.

ಕನ್ನಡದ ಮಟ್ಟಿಗೆ ನಿಜವಾದ ವಿಸ್ತರಣೆ ಕ್ಯಾಸೆಟ್ಟಿನಿಂದಾಯಿತು. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಗುರುತಿಸಲಾಗುತ್ತದೆ, ಕವಿತೆಗಳು ಕೆ.ಎಸ್. ನಿಸಾರ್ ಅಹಮದ್ ಅವರವು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. 1980ರ ದಶಕದಲ್ಲಿ ದೆಹಲಿಯ ಟಿ-ಸೀರೀಸ್ ಕ್ಯಾಸೆಟ್ಟಿನ ಬೆಲೆಯನ್ನು ಜನಸಾಮಾನ್ಯರ ಕೈಗೆಟಕುವಂತೆ ಇಳಿಸಿದ ಮೇಲೆ ದೇಶದ ಮಾರುಕಟ್ಟೆಯ ಸ್ವರೂಪವೇ ಬದಲಾಯಿತು. ಬೆಂಗಳೂರಿನ ಸಂಗೀತಾ, ಲಹರಿ ಮುಂತಾದ ಸಂಸ್ಥೆಗಳು ಬೆಳೆದದ್ದು ಈ ಅವಧಿಯಲ್ಲಿಯೇ. 1987ರಲ್ಲಿ ತೆರೆಕಂಡ ‘ಪ್ರೇಮಲೋಕ’ದ ಹಾಡುಗಳು ಚಿತ್ರದ ಆಡಿಯೊ ಹಕ್ಕಿಗೂ ಒಂದು ದೊಡ್ಡ ಮಾರುಕಟ್ಟೆಯಿದೆ ಎಂಬುದನ್ನು ಕನ್ನಡ ನಿರ್ಮಾಪಕರಿಗೆ ತೋರಿಸಿಕೊಟ್ಟವು. ಅಲ್ಲಿಂದ ಮುಂದೆ ಆಡಿಯೊ ಹಕ್ಕಿನ ಮಾರಾಟ ಚಿತ್ರದ ಬಂಡವಾಳಕ್ಕೆ ಒದಗುವ ಒಂದು ಬಾಬತ್ತಾಯಿತು.

ಮಧ್ಯಂತರದ ಹತ್ತು ಹದಿನೈದು ವರ್ಷಗಳು

2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ತೆರೆಕಂಡಾಗ ಉದ್ಯಮವು ಒಂದು ಸಂಧಿಕಾಲದಲ್ಲಿತ್ತು. ಕ್ಯಾಸೆಟ್ ಇನ್ನೂ ಮಾಯವಾಗಿರಲಿಲ್ಲ, ಸಿ.ಡಿ. ಮಾರಾಟವಾಗುತ್ತಿತ್ತು, ಎಂಪಿ3 ನಕಲುಗಳು ರಸ್ತೆ ಬದಿಯಲ್ಲಿ ರಾಶಿ ಬೀಳುತ್ತಿದ್ದವು, ಮೊಬೈಲ್‌ಗಳಲ್ಲಿ ಕಾಲರ್ ಟ್ಯೂನ್ ಆಗಷ್ಟೇ ಜನಪ್ರಿಯವಾಗುತ್ತಿತ್ತು. ಕಾಲರ್ ಟ್ಯೂನ್ ಒಂದು ವಿಚಿತ್ರ ವ್ಯಾಪಾರ. ಹಾಡಿಗೆ ಹಣ ಕೊಡುವವನು ಒಬ್ಬ, ಕೇಳುವವನು ಇನ್ನೊಬ್ಬ. ಆದಾಯದ ದೊಡ್ಡ ಪಾಲು ದೂರವಾಣಿ ಕಂಪನಿಗಳಲ್ಲಿಯೇ ಉಳಿಯುತ್ತಿದ್ದರೂ, ನಕಲಿನ ಹಾವಳಿಯಿಂದ ತತ್ತರಿಸಿದ್ದ ಆಡಿಯೊ ಕಂಪನಿಗಳಿಗೆ ಅದು ಕೆಲವು ಕಾಲ ಆಸರೆಯಾಯಿತು. ಗ್ರಾಹಕರ ಅರಿವಿಗೇ ಬಾರದೆ ಸೇವೆ ಜಾರಿಯಾಗಿ ಹಣ ಕಡಿತವಾಗುತ್ತಿದೆಯೆಂಬ ದೂರುಗಳು ಹೆಚ್ಚಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2011 ಮತ್ತು 2013ರಲ್ಲಿ ಗ್ರಾಹಕರ ಸ್ಪಷ್ಟ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದ ಮೇಲೆ ಆ ಆದಾಯವೂ ಕರಗಿತು.

ಹಳ್ಳಿಗಳಲ್ಲಿ ಈ ಅವಧಿಯ ನಿಜವಾದ ‘ಸಂಗೀತದಂಗಡಿ’ ಎಂದರೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಮೊಬೈಲ್ ಅಂಗಡಿ. ಅಲ್ಪ ಹಣಕ್ಕೆ ನೂರಾರು ಹಾಡು. ಕೊಟ್ಟವನಿಗೂ ಪಡೆದವನಿಗೂ ಅದು ಅಪರಾಧವೆಂದು ಅನಿಸುತ್ತಿರಲಿಲ್ಲ. ಕೃತಿಸ್ವಾಮ್ಯ ಕಾಯಿದೆಯ 63ನೆಯ ಪ್ರಕರಣದ ಪ್ರಕಾರ ಅದಕ್ಕೆ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕದಲ್ಲಿ ‘ಗೂಂಡಾ ಕಾಯಿದೆ’ಯೆಂದೇ ಕರೆಯಲಾಗುವ 1985ರ ಕಾಯಿದೆಯ ಪೂರ್ಣ ಶೀರ್ಷಿಕೆಯಲ್ಲಿ ಜೂಜುಕೋರರು, ಗೂಂಡಾಗಳ ಸಾಲಿನಲ್ಲಿ ‘ವಿಡಿಯೊ ಅಥವಾ ಆಡಿಯೊ ಕಳ್ಳರು’ ಎಂಬ ಪದಗಳೂ ಸೇರಿವೆ. ಇಷ್ಟಾಗಿಯೂ ನಕಲನ್ನು ನಿಲ್ಲಿಸಿದ್ದು ಪೊಲೀಸರ ದಾಳಿಯಲ್ಲ.

ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ 2003ರ ಐಟ್ಯೂನ್ಸ್ ಮಳಿಗೆಯಿಂದ ನೆಲೆಯೂರಿತು. ಭಾರತದಲ್ಲಿ ಅದು ನಿಲ್ಲಲೇ ಇಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ‘ಫ್ಲೈಟ್’ ಎಂಬ ಹೆಸರಿನಲ್ಲಿ ಹಾಡುಗಳ ಮಾರಾಟ ಆರಂಭಿಸಿ 2013ರಲ್ಲಿಯೇ ಮುಚ್ಚಿತು. ಹತ್ತು ಹನ್ನೆರಡು ರೂಪಾಯಿಯ ಖರೀದಿಗೆ ಬ್ಯಾಂಕ್ ಕಾರ್ಡ್ ಬಳಸುವ ರೂಢಿ ಆಗ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಅದೇ ಹಾಡು ಬಿಟ್ಟಿ ದೊರೆಯುತ್ತಿತ್ತು.

2016ರ ಸೆಪ್ಟೆಂಬರ್‌ನಲ್ಲಿ ರಿಲಯನ್ಸ್ ಜಿಯೊ ಸೇವೆ ಆರಂಭವಾಗಿ ಡೇಟಾ ಬೆಲೆ ಕುಸಿದಾಗ ಲೆಕ್ಕ ತಲೆಕೆಳಗಾಯಿತು. ಬಿಟ್ಟಿಯಾಗಿ, ಕಾನೂನುಬದ್ಧವಾಗಿ, ಬೇಕೆಂದಾಗ ಹಾಡು ಕೇಳಲು ಸಾಧ್ಯವಾದಾಗ ಮೆಮೊರಿ ಕಾರ್ಡ್ ತುಂಬಿಸಲು ಹಣ ತೆರುವ ಅಗತ್ಯವೇ ಉಳಿಯಲಿಲ್ಲ. ನಕಲಿನ ಮಾರುಕಟ್ಟೆಯನ್ನು ಮುಚ್ಚಿಸಿದ್ದು ಅಗ್ಗದ ಡೇಟಾ. 2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ತಿಂಗಳಿಗೆ 119 ರೂಪಾಯಿ ಚಂದಾದರದೊಂದಿಗೆ ಭಾರತಕ್ಕೆ ಬಂತು. ಮರುತಿಂಗಳು ಯೂಟ್ಯೂಬ್ ಮ್ಯೂಸಿಕ್ 99 ರೂಪಾಯಿಗೆ ಬಂತು.

ಆದರೆ ಬಿಟ್ಟಿ ಊಟದ ಛತ್ರ ನಡೆಸುವುದು ಸುಲಭವಲ್ಲ. ಗಾನಾ 2022ರಲ್ಲಿ ಉಚಿತ ಸೇವೆ ನಿಲ್ಲಿಸಿ ಚಂದಾದಾರರಿಗೆ ಸೀಮಿತವಾಯಿತು. ರೆಸ್ಸೊ 2024ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಅನ್ನೂ ಕೈಬಿಟ್ಟಿತು. ಕೇಳುಗರಿದ್ದೂ ಮುಚ್ಚಬೇಕಾಯಿತೆಂದರೆ ಹಾಡಿನ ಹಕ್ಕಿಗೆ ತೆರಬೇಕಾದ ಹಣಕ್ಕೂ ಜಾಹೀರಾತಿನಿಂದ ಬರುವ ಹಣಕ್ಕೂ ತಾಳೆಯಾಗಲಿಲ್ಲವೆಂದೇ ಅರ್ಥೈಸಬೇಕಾಗುತ್ತದೆ.

ಒಂದು ರಾಶಿ, ಹಲವು ಪಾಲು

ಸ್ಟ್ರೀಮಿಂಗ್‌ನಲ್ಲಿ ಹಣ ಹಂಚಿಕೆಯಾಗುವ ಕ್ರಮವನ್ನು ವರ್ತಕರು ತಮ್ಮದೇ ಪರಿಭಾಷೆಯಲ್ಲಿ ಹೀಗೆ ಗ್ರಹಿಸಬಹುದು. ಎಲ್ಲ ರೈತರ ಕಡಲೆಕಾಯಿಯನ್ನು ಒಂದೇ ರಾಶಿಗೆ ಸುರಿದು, ರಾಶಿ ಮಾರಿ ಬಂದ ಹಣವನ್ನು ಅವರವರು ತಂದ ತೂಕದ ಪ್ರಕಾರ ಹಂಚಿದಂತೆ. ಒಂದು ಸೇವೆಯಲ್ಲಿ ತಿಂಗಳಿಗೆ ಹಂಚಬಹುದಾದ ಮೊತ್ತ 1 ಕೋಟಿ ರೂಪಾಯಿ, ಒಟ್ಟು ಕೇಳುವಿಕೆ 10 ಕೋಟಿ ಎಂದು ಲೆಕ್ಕಕ್ಕಾಗಿ ಭಾವಿಸೋಣ. ಆಗ ಒಂದು ಕೇಳುವಿಕೆಗೆ 10 ಪೈಸೆ. 50,000 ಬಾರಿ ಕೇಳಲ್ಪಟ್ಟ ಕನ್ನಡ ಹಾಡಿಗೆ 5,000 ರೂಪಾಯಿ. ಅದರಲ್ಲಿ ಆಡಿಯೊ ಕಂಪನಿ, ಗೀತರಚನೆಕಾರ, ಸಂಯೋಜಕ, ಗಾಯಕರ ಪಾಲುಗಳು ಬೇರ್ಪಡಬೇಕು. ಭಾವಗೀತೆಗಳನ್ನು ಮಾತ್ರ ಕೇಳುವ ಚಂದಾದಾರನ ಹಣವೂ ಅದೇ ರಾಶಿಗೆ ಬೀಳುವುದರಿಂದ ಅದರ ಬಹುಭಾಗ ಅವನು ಎಂದೂ ಕೇಳದ ಹಿಂದಿ, ಇಂಗ್ಲಿಷ್ ಹಾಡುಗಳ ಪಾಲಾಗಬಹುದು. ಉಚಿತವಾಗಿ ಕೇಳುವವರ ರಾಶಿ ಬೇರೆ, ಅದರ ದರ ಇನ್ನೂ ಕಡಿಮೆ. ಇದರ ಮೇಲೆ, 2024ರಿಂದ ಸ್ಪಾಟಿಫೈ ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದ ಧ್ವನಿಮುದ್ರಣಕ್ಕೆ ರಾಯಲ್ಟಿಯನ್ನೇ ನೀಡುವುದಿಲ್ಲ.

ಇಷ್ಟು ಕೇಳಿದರೆ ಸ್ಟ್ರೀಮಿಂಗ್ ಎಂದರೆ ನಷ್ಟವೆಂದೇ ತೋರುತ್ತದೆ. ಲೆಕ್ಕದ ಇನ್ನೊಂದು ಬದಿಯೂ ಇದೆ. ಕ್ಯಾಸೆಟ್ ಕೊಂಡವನು ಅದನ್ನು ಹತ್ತು ವರ್ಷ ಕೇಳಿದರೂ ಕಂಪನಿಗೆ ಬರುತ್ತಿದ್ದುದು ಒಂದೇ ಬಾರಿಯ ಹಣ. ಈಗ ಪ್ರತಿ ಕೇಳುವಿಕೆಯೂ ಜಮೆಯಾಗುತ್ತದೆ. ಪ್ರತಿ ಮದುವೆ ಋತುವಿನಲ್ಲಿ, ಪ್ರತಿ ರಾಜ್ಯೋತ್ಸವದಲ್ಲಿ, ಪ್ರತಿ ಶಿವರಾತ್ರಿಯಲ್ಲಿ ಜನ ಹುಡುಕಿ ಕೇಳುವ ಹಳೆಯ ಹಾಡು ತೆಂಗಿನ ತೋಟದಂತೆ. ನೆಟ್ಟ ಖರ್ಚು ಎಂದೋ ಮುಗಿದಿದೆ, ಫಸಲು ಬರುತ್ತಲೇ ಇದೆ. ಮುದ್ರಣ, ಸಾಗಣೆ, ಮಾಲು ವಾಪಸಾತಿಯ ಖರ್ಚುಗಳಿಲ್ಲ. ಆದ್ದರಿಂದಲೇ ಹಳೆಯ ಧ್ವನಿಮುದ್ರಣಗಳ ಸಂಗ್ರಹವುಳ್ಳ ಕಂಪನಿಗಳು ಇಂದು ನೆಮ್ಮದಿಯಾಗಿವೆ. ಗ್ರಾಮಫೋನ್ ಕಂಪನಿಯ ಉತ್ತರಾಧಿಕಾರಿಯಾದ ಸಾರೆಗಮ 2017ರಲ್ಲಿ ಹಳೆಯ ಹಾಡುಗಳನ್ನೇ ತುಂಬಿದ ‘ಕಾರವಾನ್’ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದು ಯಶಸ್ವಿಯಾಯಿತು. ಅದರ ಕನ್ನಡ ಆವೃತ್ತಿಯೂ ಬಂತು.

ಮತ್ತೊಂದು ಅಂಶ ಚೌಕಾಸಿಯ ಬಲಕ್ಕೆ ಸಂಬಂಧಿಸಿದ್ದು. ಕೃತಿಸ್ವಾಮ್ಯ ಕಾಯಿದೆಯ 31ಡಿ ಪ್ರಕರಣದ ಪ್ರಕಾರ ರೇಡಿಯೊ ವಾಹಿನಿಗಳು ನಿಗದಿತ ದರ ತೆತ್ತು, ಹಕ್ಕುದಾರರ ಒಪ್ಪಿಗೆಗೆ ಕಾಯದೆ ಹಾಡು ಪ್ರಸಾರ ಮಾಡಬಹುದು. ಅದೇ ಸವಲತ್ತು ಅಂತರ್ಜಾಲ ಸೇವೆಗೂ ಬೇಕೆಂದು ವಿಂಕ್ ವಾದಿಸಿತು. ಟಿಪ್ಸ್ ಕಂಪನಿಯ ದಾವೆಯಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಆ ವಾದವನ್ನು ತಳ್ಳಿಹಾಕಿತು; ವಿಭಾಗೀಯ ಪೀಠ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಪರಿಣಾಮವಾಗಿ ಸ್ಟ್ರೀಮಿಂಗ್ ಸೇವೆಗಳು ಹಕ್ಕುದಾರರೊಡನೆ ಮಾತುಕತೆಯಾಡಿಯೇ ದರ ಕುದುರಿಸಬೇಕು. ಸಾವಿರಾರು ಹಾಡುಗಳ ಒಡೆತನವಿರುವ ಕಂಪನಿ ತನ್ನ ಷರತ್ತು ಹೇಳಬಲ್ಲದು. ಇಪ್ಪತ್ತು ಹಾಡಿನ ಒಡೆಯ ಕೊಟ್ಟಷ್ಟಕ್ಕೆ ಒಪ್ಪಬೇಕು.

ಒಂದು ಹಾಡಿಗೆ ಮೂರು ಖಾತೆ

ಜಮೀನಿಗೆ ಒಂದು ಖಾತೆಯಿದ್ದರೆ ಹಾಡಿಗೆ ಮೂರು: ಸಾಹಿತ್ಯದ್ದು, ರಾಗಸಂಯೋಜನೆಯದು, ಧ್ವನಿಮುದ್ರಣದ್ದು. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆತನ ಮರಣದ ಮರುವರ್ಷದಿಂದ 60 ವರ್ಷ. ಧ್ವನಿಮುದ್ರಣದ್ದು ಪ್ರಕಟವಾದ ಮರುವರ್ಷದಿಂದ 60 ವರ್ಷ. ‘ನಿತ್ಯೋತ್ಸವ’ದ ಉದಾಹರಣೆಯನ್ನೇ ತೆಗೆದುಕೊಂಡರೆ, ಧ್ವನಿಮುದ್ರಣದ ಹಕ್ಕು 2038ರ ಕೊನೆಗೆ ಮುಗಿಯುತ್ತದೆ. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡದ್ದರಿಂದ ಸಂಯೋಜನೆಯ ಹಕ್ಕು 2055ರವರೆಗೆ ಜೀವಂತ. ನಿಸಾರ್ ಅಹಮದ್ ಅವರು 2020ರಲ್ಲಿ ನಿಧನರಾದ್ದರಿಂದ ಸಾಹಿತ್ಯದ ಹಕ್ಕು 2080ರವರೆಗೆ ಇರುತ್ತದೆ. ಇದಕ್ಕೆ ಪ್ರತಿಯಾಗಿ 1889ರಲ್ಲಿ ಗತಿಸಿದ ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಆದರೆ 2009ರಲ್ಲಿ ನಿಧನರಾದ ಸಿ. ಅಶ್ವತ್ಥ್ ಅವರು ಅವಕ್ಕೆ ಕೂಡಿಸಿದ ಸ್ವಂತ ಧಾಟಿಗಳು 2069ರವರೆಗೆ ಸಂರಕ್ಷಿತ. ಶರೀಫರ ಪದವನ್ನು ಹಾಡಿ ಅಂತರ್ಜಾಲಕ್ಕೆ ಏರಿಸುವ ಭಜನಾ ಮಂಡಳಿಯು ತಾನು ಹಾಡುತ್ತಿರುವುದು ಪರಂಪರಾಗತ ಧಾಟಿಯನ್ನೋ ಅಶ್ವತ್ಥರ ಧಾಟಿಯನ್ನೋ ಎಂಬುದನ್ನು ತಿಳಿದಿರುವುದು ಒಳಿತು.

ಹಕ್ಕಿನ ಪ್ರಶ್ನೆ ಎದ್ದರೆ ಏನಾಗುತ್ತದೆ ಎಂಬುದಕ್ಕೆ ‘ಕಾಂತಾರ’ದ ‘ವರಾಹ ರೂಪಂ’ ಹಾಡು ಸಾಕ್ಷಿ. ಚಿತ್ರವು 2022ರ ಸೆಪ್ಟೆಂಬರ್ 30ರಂದು ತೆರೆಕಂಡಿತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತನ್ನ ಹಾಡಿನ ಅನುಕರಣೆಯೆಂದು ಆಕ್ಷೇಪಿಸಿತು. ಕೋಳಿಕ್ಕೋಡಿನ ನ್ಯಾಯಾಲಯ ಅಕ್ಟೋಬರ್‌ನಲ್ಲಿ ತಡೆ ನೀಡಿತು. ಚಿತ್ರ ಇನ್ನೂ ತುಂಬಿದ ಪ್ರದರ್ಶನ ಕಾಣುತ್ತಿದ್ದಾಗಲೇ ಆ ಹಾಡು ಯೂಟ್ಯೂಬ್ ಮತ್ತು ಸಂಗೀತ ಸೇವೆಗಳಿಂದ ಮರೆಯಾಯಿತು. ತಡೆ ತೆರವಾದ ಮೇಲೆ ಮರಳಿತು. ಕ್ಯಾಸೆಟ್ ಕಾಲದಲ್ಲಿ ಇಂತಹ ಆದೇಶವಾಗಿದ್ದರೆ ಮಾರಾಟವಾದ ಮಾಲು ಮನೆಗಳಲ್ಲಿ ಉಳಿಯುತ್ತಿತ್ತು. ಈಗ ಒಂದೇ ಆದೇಶಕ್ಕೆ ಎಲ್ಲ ಅಂಗಡಿಗಳ ಅರೆಗಳೂ ಏಕಕಾಲಕ್ಕೆ ಬರಿದಾಗುತ್ತವೆ.

ಗೀತರಚನೆಕಾರರು ಮತ್ತು ಸಂಯೋಜಕರ ಸ್ಥಿತಿಯನ್ನು 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿ ಸುಧಾರಿಸಿತು. ಅದಕ್ಕೆ ಮೊದಲು, 1977ರ ಸುಪ್ರೀಂ ಕೋರ್ಟ್ ತೀರ್ಪಿನ ಆಧಾರದ ಮೇಲೆ ನಿರ್ಮಾಪಕನೇ ಚಿತ್ರಗೀತೆಯ ಮೊದಲ ಒಡೆಯನೆಂಬ ನೆಲೆಯಲ್ಲಿ ವ್ಯವಹಾರ ನಡೆಯುತ್ತಿತ್ತು; ಕವಿಗೂ ಸಂಯೋಜಕನಿಗೂ ಇಡಿಗಂಟು ಕೊಟ್ಟರೆ ಸಂಬಂಧ ಮುಗಿಯಿತು. ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನವನ್ನು ಹೊರತುಪಡಿಸಿ ಇತರ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಅವರ ಸಮಪಾಲನ್ನು ಅವರೇ ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಅದು ಸಿಂಧುವಲ್ಲ. ಈ ಪಾಲನ್ನು ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆ 1969ರಿಂದಲೂ ಇದೆ. ತಿದ್ದುಪಡಿಯ ನಂತರದ ಅದರ ಮರುನೋಂದಣಿ 2017ರ ನವೆಂಬರ್‌ನಲ್ಲಾಯಿತು. ಗಾಯಕರಿಗೆ 2013ರಲ್ಲಿ ಇಸ್ರಾ ಎಂಬ ಹೆಸರಿನಲ್ಲಿ ನೋಂದಣಿಯಾದ ಪ್ರತ್ಯೇಕ ಸಂಸ್ಥೆಯಿದೆ.

ಅದೇ ತಿದ್ದುಪಡಿಯ ಇನ್ನೊಂದು ಮಾತು ಅಷ್ಟೇ ಮಹತ್ವದ್ದು. ಕರಾರು ಆದಾಗ ಬಳಕೆಯಲ್ಲಿಯೇ ಇಲ್ಲದ ಮಾಧ್ಯಮಕ್ಕೆ, ಕರಾರಿನಲ್ಲಿ ಅದರ ಉಲ್ಲೇಖ ಸ್ಪಷ್ಟವಾಗಿ ಇಲ್ಲದಿದ್ದರೆ, ಆ ಕರಾರು ಅನ್ವಯಿಸದು. 2012ಕ್ಕೆ ಮುಂಚಿನ ಕ್ಯಾಸೆಟ್ ಕರಾರುಗಳಿಗೆ ಸ್ಟ್ರೀಮಿಂಗ್ ಒಳಪಡುವುದೇ ಇಲ್ಲವೇ ಎಂಬುದು ಆಯಾ ಕರಾರಿನ ಪದಗಳನ್ನೇ ಅವಲಂಬಿಸಿದ ವ್ಯಾಜ್ಯದ ವಿಷಯ. ಹಾಗಾಗಿ ಟ್ರಂಕಿನಲ್ಲಿರುವ ಹಳೆಯ ಕರಾರು ಪತ್ರವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿಸಬೇಕು.

ಹೋಬಳಿಯ ಹಾಡು

ಇಷ್ಟೂ ವಿವರ ಬುಕ್ಕಾಪಟ್ಟಣಕ್ಕೆ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಆ ಸೀಮೆಯ ಹಾಡುಗಾರಿಕೆಯಲ್ಲಿಯೇ ಇದೆ. ಶಿರಾ, ಹಿರಿಯೂರು, ಚಳ್ಳಕೆರೆ ಭಾಗದ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಥನವನ್ನು ‘ಗಣೆ’ ಎಂಬ ಉದ್ದನೆಯ ಬಿದಿರಿನ ವಾದ್ಯದೊಡನೆ ಹಾಡುತ್ತ ಬಂದಿದ್ದಾರೆ. ಸೋಬಾನೆ, ತತ್ವಪದ, ಉರುಮೆ ಮೇಳಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಪೌರಾಣಿಕ ನಾಟಕದ ಹುಚ್ಚಿದೆ. ಗುಬ್ಬಿ ವೀರಣ್ಣನವರ ಜಿಲ್ಲೆಗೆ ಅದು ಸಹಜವೂ ಹೌದು. ಜಾತ್ರೆಯ ರಾತ್ರಿ ‘ಕುರುಕ್ಷೇತ್ರ’ ಆಡಬೇಕೆಂದರೆ ಪಾತ್ರಧಾರಿಗಳೇ ಕೈಯಿಂದ ಹಣ ಹಾಕಿ ಹಾರ್ಮೋನಿಯಂ ಮೇಷ್ಟ್ರಿಗೆ, ಡ್ರಾಮಾ ಸೀನರಿಗೆ, ಮೈಕ್‌ಸೆಟ್‌ಗೆ ಕೊಡುತ್ತಾರೆ. ನೋಡುವವರಿಗೆ ಟಿಕೆಟ್ ಇಲ್ಲ. ಸಂಗೀತೋದ್ಯಮದ ಯಾವ ಅಂಕಿಅಂಶದಲ್ಲಿಯೂ ಈ ಹಣ ಸೇರುವುದಿಲ್ಲ.

ಈಗ ಇಂತಹ ಪ್ರದರ್ಶನಗಳನ್ನು ರಾತ್ರಿಯಿಡೀ ಚಿತ್ರೀಕರಿಸಿ ಯೂಟ್ಯೂಬ್‌ಗೆ ಏರಿಸುವ ವಾಹಿನಿಗಳಿವೆ. ಬೆಂಗಳೂರಿಗೆ ದುಡಿಯಲು ಹೋದವರು, ವಿದೇಶದಲ್ಲಿರುವ ಊರಿನ ಮಕ್ಕಳು ಅದನ್ನು ನೋಡುತ್ತಾರೆ. ವಾಹಿನಿಗೆ 1,000 ಚಂದಾದಾರರೂ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆದಲ್ಲಿ ಜಾಹೀರಾತಿನ ಆದಾಯದಲ್ಲಿ ಶೇ. 55ರ ಪಾಲು ದೊರೆಯಬಲ್ಲದು. ಆರೇಳು ಗಂಟೆಯ ನಾಟಕಕ್ಕೆ ವೀಕ್ಷಣೆಯ ಗಂಟೆಗಳು ಬೇಗ ಕೂಡಿಬರುತ್ತವೆ. ಆದರೆ ಹಣ ವಾಹಿನಿಯ ಒಡೆಯನಿಗೆ. ಭೀಮ, ದುರ್ಯೋಧನರಿಗೂ ಮೇಷ್ಟ್ರಿಗೂ ಅದರ ಸುಳಿವೇ ಇರುವುದಿಲ್ಲ.

ಇದರಲ್ಲಿ ವಾಹಿನಿಯವನು ಖಳನೆಂದು ಭಾವಿಸಬೇಕಾಗಿಲ್ಲ. ಕ್ಯಾಮೆರಾ, ವಿದ್ಯುತ್, ನಿದ್ದೆ ಎಲ್ಲವೂ ಅವನ ಬಂಡವಾಳ. ಧ್ವನಿಮುದ್ರಣದ ವ್ಯವಸ್ಥೆಗೆ ಮುಂದಾಗಿ ಹೊಣೆ ಹೊತ್ತವನನ್ನೇ ಕಾಯಿದೆ ಅದರ ನಿರ್ಮಾಪಕನೆಂದು ಕರೆಯುತ್ತದೆ. ಆದರೆ ಅದೇ ಕಾಯಿದೆ ಪ್ರದರ್ಶಕನಿಗೂ ಹಕ್ಕು ಕೊಟ್ಟಿದೆ: ಆತನ ಪ್ರದರ್ಶನವನ್ನು ಮುದ್ರಿಸಿಕೊಳ್ಳಲು ಆತನ ಒಪ್ಪಿಗೆ ಬೇಕು, ಮತ್ತು ಈ ಹಕ್ಕು ಪ್ರದರ್ಶನದ ಮರುವರ್ಷದಿಂದ 50 ವರ್ಷ ಇರುತ್ತದೆ. ಜುಂಜಪ್ಪನ ಕಥನಕ್ಕೆ ಕರ್ತೃವಿಲ್ಲ, ಆದ್ದರಿಂದ ಅದರ ಸಾಹಿತ್ಯಕ್ಕೆ ಕೃತಿಸ್ವಾಮ್ಯವೂ ಇಲ್ಲ. ಇಂತಹ ಸಮುದಾಯದ ಸ್ವತ್ತನ್ನು ರಕ್ಷಿಸುವ ಪ್ರತ್ಯೇಕ ಕಾನೂನು ದೇಶದಲ್ಲಿ ಇಲ್ಲದಿರುವುದು ದೊಡ್ಡ ಕೊರತೆಯೇ ಸರಿ. ಹಾಡಿದ ಗಣೆಗಾರನ ಕಂಠಕ್ಕೆ ಮಾತ್ರ ಪ್ರದರ್ಶಕನ ಹಕ್ಕಿನ ಆಸರೆಯಿದೆ.

ನಾಟಕಗಳಿಗೆ ಇನ್ನೊಂದು ತೊಡಕು. ಮಧ್ಯೆ ಜನರನ್ನು ರಂಜಿಸಲು ಚಿತ್ರಗೀತೆಯೊಂದನ್ನು ಹಾಡಿದರೆ ಯೂಟ್ಯೂಬ್‌ನ ಗುರುತಿಸುವ ಯಂತ್ರ ಅದನ್ನು ಪತ್ತೆಹಚ್ಚಬಹುದು. ಆಗ ಹಾಡಿನ ಒಡೆಯನಾದ ಕಂಪನಿ ಆ ವಿಡಿಯೊದ ಜಾಹೀರಾತು ಆದಾಯವನ್ನು ತನ್ನತ್ತ ತಿರುಗಿಸಿಕೊಳ್ಳಲು ಅವಕಾಶವಿದೆ. ಮೂರು ನಿಮಿಷದ ಹಾಡಿಗೆ ಇಡೀ ರಾತ್ರಿಯ ಆದಾಯಕ್ಕೇ ಸಂಚಕಾರ ಬರಬಹುದು.

ಬರವಣಿಗೆಯ ಕೆಲಸ

ಪರಿಹಾರಕ್ಕೆ ದೊಡ್ಡ ಬಂಡವಾಳ ಬೇಡ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು ಎಂಬುದು ಕಾಯಿದೆಯ 19ನೆಯ ಪ್ರಕರಣದ ನಿಯಮ. ಪ್ರದರ್ಶಕರ ಹಕ್ಕಿಗೂ ಅದು ಅನ್ವಯಿಸುತ್ತದೆ. ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಅರ್ಥ. ಮಂಡಳಿಯ ಪರವಾಗಿ ಒಬ್ಬರು ಮತ್ತು ವಾಹಿನಿಯ ಒಡೆಯ ಸಹಿ ಹಾಕಿದ ಒಂದು ಪುಟದ ಕರಾರಿನಲ್ಲಿ ಪ್ರದರ್ಶನದ ದಿನಾಂಕ, ಪಾತ್ರಧಾರಿಗಳು ಮತ್ತು ವಾದ್ಯಗಾರರ ಹೆಸರು, ಯಾವ ವೇದಿಕೆಗಳಲ್ಲಿ ಎಷ್ಟು ವರ್ಷ ಬಳಸಬಹುದು, ಆದಾಯದಲ್ಲಿ ಯಾರಿಗೆಷ್ಟು, ಲೆಕ್ಕ ಕೊಡುವುದು ಯಾವಾಗ ಎಂಬಿಷ್ಟು ಇದ್ದರೆ ಸಾಕು. ಸ್ವಂತವಾಗಿ ಹಾಡು ಬಿಡುಗಡೆ ಮಾಡಬಯಸುವವರು ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತು ಪಡೆಯಬೇಕು. ಸರ್ವೆ ನಂಬರ್ ಇಲ್ಲದ ಜಮೀನಿನಂತೆ, ಆ ಗುರುತಿಲ್ಲದ ಹಾಡಿನ ಲೆಕ್ಕ ಸೇವೆಗಳ ಪುಸ್ತಕದಲ್ಲಿ ಸಿಗುವುದೇ ಕಷ್ಟ. ಹೆಸರಿನ ಕಾಗುಣಿತ ಎಲ್ಲೆಡೆ ಒಂದೇ ಆಗಿರಬೇಕೆಂಬುದೂ ಸಣ್ಣ ಮಾತಲ್ಲ.

ತೆರಿಗೆಯ ವಿಚಾರ. ಆಡಿಯೊ ಕಂಪನಿ ನೀಡುವ ರಾಯಲ್ಟಿಯಿಂದ ನಿಗದಿತ ಮಿತಿ ಮೀರಿದಾಗ ಶೇ. 10ರಷ್ಟು ತೆರಿಗೆ ಮೂಲದಲ್ಲಿಯೇ ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸದ ಸಣ್ಣ ಕಲಾವಿದರ ಹಣ ಹೀಗೆ ಸರ್ಕಾರದಲ್ಲಿಯೇ ಉಳಿದುಬಿಡುತ್ತದೆ. ಸಂಯೋಜಕನು ಕಂಪನಿಗೆ ನೀಡುವ ಹಕ್ಕಿನ ಮೇಲಿನ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಕ್ರಮದಲ್ಲಿ ಕಂಪನಿಯೇ ತೆರಬೇಕು. ಯೂಟ್ಯೂಬ್ ಆದಾಯ ವಿದೇಶಿ ಕಂಪನಿಯಿಂದ ವಿದೇಶಿ ವಿನಿಮಯದಲ್ಲಿ ಬರುವುದರಿಂದ ಷರತ್ತುಗಳಿಗೆ ಒಳಪಟ್ಟು ಸೇವೆಯ ರಫ್ತೆನಿಸಿ ಶೂನ್ಯ ದರಕ್ಕೆ ಸೇರುತ್ತದೆ. ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿಯ ಕಡ್ಡಾಯವಿಲ್ಲ.

ಹೆಚ್ಚಿನವರು ಎಡವುವುದು ಅಮೆರಿಕದ ತೆರಿಗೆಯಲ್ಲಿ. 2021ರ ಜೂನ್‌ನಿಂದ ಅಮೆರಿಕದ ವೀಕ್ಷಕರಿಂದ ಬಂದ ಆದಾಯದ ಮೇಲೆ ಗೂಗಲ್ ತೆರಿಗೆ ಮುರಿದುಕೊಳ್ಳುತ್ತಿದೆ. ತಿಂಗಳಿಗೆ ಒಟ್ಟು 1,000 ಡಾಲರ್ ಗಳಿಸುವ ವಾಹಿನಿಗೆ ಅಮೆರಿಕದಿಂದ ಬಂದದ್ದು 100 ಡಾಲರ್ ಎಂದುಕೊಂಡರೆ, ತೆರಿಗೆ ವಿವರದ ನಮೂನೆ ತುಂಬಿ ಭಾರತ–ಅಮೆರಿಕ ಒಪ್ಪಂದದ ಅನುಕೂಲ ಕೋರಿದವನಿಗೆ ಕಡಿತ 15 ಡಾಲರ್. ನಮೂನೆ ತುಂಬದವನಿಗೆ ಇಡೀ ಮೊತ್ತದ ಮೇಲೆ ಶೇ. 24, ಅಂದರೆ 240 ಡಾಲರ್.

ಕಲ್ಯಾಣ ಮಂಟಪ, ಹೋಟೆಲು, ಶಾಮಿಯಾನ ವೃತ್ತಿಯ ಸದಸ್ಯರಿಗೆ ಸಂಬಂಧಿಸಿದ ಒಂದು ಅಂಶ: ಮದುವೆ ಮತ್ತು ಅದರ ಅಂಗವಾದ ಸಾಮಾಜಿಕ ಸಮಾರಂಭಗಳಲ್ಲಿ ಹಾಡು ನುಡಿಸಲು ಪರವಾನಗಿ ಶುಲ್ಕ ಬೇಡವೆಂದು ಕೇಂದ್ರ ಸರ್ಕಾರದ ಕೈಗಾರಿಕೆ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಿದೆ. ಹೋಟೆಲಿನಲ್ಲಿ ಗಿರಾಕಿಗಳಿಗಾಗಿ ದಿನವಿಡೀ ನುಡಿಸುವ ಹಾಡಿಗೆ ಈ ವಿನಾಯಿತಿ ಇಲ್ಲ. ಸ್ವಂತ ಬಳಕೆಗೆ ತೆತ್ತ ಸ್ಟ್ರೀಮಿಂಗ್ ಚಂದಾ ಅಂಗಡಿಯಲ್ಲಿ ನುಡಿಸಲು ಕೊಟ್ಟ ಪರವಾನಗಿಯಾಗುವುದಿಲ್ಲ.

ಉಳಿದಿರುವುದು ವಾರಸುದಾರರ ಮಾತು. ಸಾಹಿತ್ಯ, ಸಂಯೋಜನೆಗಳ ಹಕ್ಕು ಜಮೀನಿನಂತೆಯೇ ವಂಶಪಾರಂಪರ್ಯವಾಗಿ ಬರುವಂಥದ್ದು. ಕ್ಯಾಸೆಟ್ ಕಾಲದಲ್ಲಿ ಭಕ್ತಿಗೀತೆ, ಜನಪದ ಧಾಟಿಯ ಹಾಡುಗಳನ್ನು ಬರೆದುಕೊಟ್ಟ, ಸಂಯೋಜಿಸಿಕೊಟ್ಟ ಅನೇಕರು ಜಿಲ್ಲೆಯಲ್ಲಿ ಆಗಿಹೋಗಿದ್ದಾರೆ. ಅವರ ಮಕ್ಕಳು ಹಳೆಯ ಕ್ಯಾಸೆಟ್ಟಿನ ಹೊದಿಕೆ, ಕರಾರಿನ ಪ್ರತಿ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷಗಳೊಡನೆ ಐಪಿಆರ್‌ಎಸ್‌ನಲ್ಲಿ ವಾರಸುದಾರ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಬಹುದು. ಹೊದಿಕೆಯ ಮೇಲೆ ಕವಿಯ, ಸಂಯೋಜಕನ ಹೆಸರು ಅಚ್ಚಾಗಿದ್ದರೆ ಅದು ಉಪಯುಕ್ತವಾದ ಪುರಾವೆ. ಕ್ಯಾಸೆಟ್ ಕೆಟ್ಟಿದ್ದರೂ ಹೊದಿಕೆಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.